ಎಲ್ಲರಿಗಿಂತ ನಿಧಾನವಾಗಿ

ನನ್ನ ಪುಸ್ತಕ ಕದ್ದದ್ದನ್ನು ಬೇಕಾದರೆ ಕ್ಷಮಿಸಿಬಿಡುತ್ತಿದ್ದೆ, ನನ್ನ ಅಜ್ಜಿಯನ್ನು ಕದ್ದದ್ದನ್ನು ಮಾತ್ರ ಕ್ಷಮಿಸಲಾರೆ ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತೇನೆ. ಅದು ಸುಳ್ಳು. ಪುಸ್ತಕ ಕದ್ದದ್ದನ್ನೂ ಕ್ಷಮಿಸುತ್ತಿರಲಿಲ್ಲ. ಕ್ಷಮಿಸುವ ಜಾಯಮಾನವೇ ನನ್ನದಲ್ಲ. ಆರನೇ ಕ್ಲಾಸಿನಲ್ಲಿ ನನ್ನ ಪೆನ್ಸಿಲ್ ಮುರಿದು ಹಾಕಿದವಳು ಯಾರೆಂದು ಇವತ್ತಿಗೂ ನೆನಪಿದೆ, ಅವಳು ಯಾವ ಬಣ್ಣದ ರಿಬ್ಬನ್ ಕಟ್ಟಿಕೊಂಡಿದ್ದಳು ಎನ್ನುವುದೂ ನೆನಪಿದೆ.

ನಾನು ಲ್ಯಾಟಿನ್ ಕಲಿಸುವವಳು. ಹನ್ನೊಂದು ವರ್ಷ ಒಂದೇ ಶಾಲೆಯಲ್ಲಿ, ಹನ್ನೊಂದು ವರ್ಷವೂ ತಾತ್ಕಾಲಿಕ. ಪ್ರತಿ ಬೇಸಿಗೆ ರಜೆಗೆ ಮುಂಚೆ ನನ್ನನ್ನು ಕೆಲಸದಿಂದ ತೆಗೆಯುವರು, ರಜೆ ಮುಗಿದ ಮೇಲೆ ಮತ್ತೆ ಸೇರಿಸಿಕೊಳ್ಳುವರು. ಕಡೆಗೊಂದು ವರ್ಷ ಆಡಳಿತ ಮಂಡಳಿಯವರು ಒಂದು ಮಾತು ಹೇಳಿದರು. ನಿಮ್ಮ ಹೆಸರಿನಲ್ಲಿ ಒಂದು ಪಠ್ಯಪುಸ್ತಕ ಅಚ್ಚಾಗಲಿ, ಕಾಯಂ ಮಾಡುತ್ತೇವೆ. ನಾನು ಮನೆಗೆ ಬಂದವಳೇ ಇನ್ನೂರು ಹಾಳೆಯ ನೋಟುಬುಕ್ಕು ತೆಗೆದು, ಮಕ್ಕಳೆಲ್ಲ ಎಡವಿ ಬೀಳುವ ಜಾಗದಿಂದಲೇ ಬರೆಯಲು ಶುರು ಮಾಡಿದೆ. ಅದು ಹೋಲಿಕೆಯ ಪಾಠ.

ಹೋಲಿಕೆ ಅಂದರೆ ಇಷ್ಟೇ. ನಾವು ಕನ್ನಡದಲ್ಲಿ ಒಂದು 'ಗಿಂತ' ಅಂಟಿಸಿ ಕೈತೊಳೆದುಕೊಳ್ಳುತ್ತೇವೆ. ಅಪ್ಪನಿಗಿಂತ ಎತ್ತರ, ಎಲ್ಲರಿಗಿಂತ ಎತ್ತರ. 'ಎತ್ತರ' ಅಲ್ಲಾಡುವುದಿಲ್ಲ. ಲ್ಯಾಟಿನ್ನಿನಲ್ಲಿ ಆ ಪದವೇ ಬಾಲ ಬದಲಿಸುತ್ತದೆ. ಆಲ್ತುಸ್ ಅಂದರೆ ಎತ್ತರದವನು, ಆಲ್ತಿಯೋರ್ ಅಂದರೆ ಇನ್ನೂ ಎತ್ತರದವನು, ಆಲ್ತಿಸ್ಸಿಮುಸ್ ಅಂದರೆ ಎಲ್ಲರಿಗಿಂತ ಎತ್ತರದವನು. ಮನುಷ್ಯ ಹೇಗಿದ್ದಾನೆ ಎನ್ನುವುದಕ್ಕೆ ಒಂದು ಸಾಲು ಬಾಲಗಳು, ಅವನು ಕೆಲಸ ಹೇಗೆ ಮಾಡುತ್ತಾನೆ ಎನ್ನುವುದಕ್ಕೆ ಇನ್ನೊಂದು ಸಾಲು. ಲೆಂತೆ ಅಂದರೆ ನಿಧಾನವಾಗಿ, ಲೆಂತಿಯುಸ್ ಅಂದರೆ ಇನ್ನೂ ನಿಧಾನವಾಗಿ, ಲೆಂತಿಸ್ಸಿಮೆ ಅಂದರೆ ಎಲ್ಲರಿಗಿಂತ ನಿಧಾನವಾಗಿ. ಹಳೆಯ ಪುಸ್ತಕಗಳಲ್ಲಿ ಉದಾಹರಣೆ ಏನು? ರಾಜ ಸೈನಿಕನಿಗಿಂತ ಬಲಶಾಲಿ. ಯಾವ ರಾಜ, ಯಾವ ಸೈನಿಕ, ಯಾರು ಕಂಡಿದ್ದಾರೆ? ಮಕ್ಕಳು ಆಕಳಿಸದೆ ಏನು ಮಾಡಿಯಾರು.

"ಸುಳ್ಳು ಮಾತು ತಲೇಲಿ ನಿಲ್ಲಲ್ಲ ಕಣೇ. ನಿಜ ಆಗಿರೋದನ್ನ ಬರಿ," ಎಂದಿದ್ದು ನನ್ನ ಅಜ್ಜಿ. ಓದು ಬಾರದವಳು. ನಾನು ಬರೆಯುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಊರುಗೋಲನ್ನು ಮಂಡಿಯ ಮೇಲಿಟ್ಟುಕೊಂಡು ಕೂರುವಳು.

ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ನಿಜವಲ್ಲದ ಒಂದೇ ಒಂದು ವಾಕ್ಯ ಬರೆಯಕೂಡದು. ಉದಾಹರಣೆ ಬಹುಪಾಲು ಮನೆಯವರೇ. ನಮ್ಮಕ್ಕ, ದರ್ಜಿ, ನಮ್ಮ ಅಡುಗೆಮನೆಯ ಬಾಗಿಲಿಗಿಂತ ಎತ್ತರ. ಇದನ್ನು ಅವಳದೇ ಟೇಪು ಹಿಡಿದು ಅಳೆದು ಬರೆದೆ, ಎರಡು ಬೆರಳು ಹೆಚ್ಚಿಗೆ ಬಂದಳು. ಭಾವ ಬಸ್ಸು ಓಡಿಸುವವರು, ಅವರು ಗೊರಕೆ ಹೊಡೆಯುವುದು ಅವರ ಬಸ್ಸಿಗಿಂತ ಜೋರು. ಅಪ್ಪ ಗಡಿಯಾರ ರಿಪೇರಿ ಮಾಡುವವನು, ಅವನ ಕೈ ಎಲ್ಲರ ಕೈಗಿಂತ ಸೂಕ್ಷ್ಮ, ಅವನ ಸಿಟ್ಟು ಎಲ್ಲರ ಸಿಟ್ಟಿಗಿಂತ ಚುರುಕು. ಮನೆಯಲ್ಲಿ ಇದೊಂದು ರಂಪವೇ ಆಯಿತು.

"ಅಪ್ಪನಿಗೆ ಎಲ್ಲರಿಗಿಂತ, ನನಗೆ ಬರೀ ಬಾಗಿಲಿಗಿಂತನಾ?" ಎಂದು ಅಕ್ಕ ಮುಖ ಊದಿಸಿಕೊಂಡಳು.

"ಗೊರಕೆ ತೆಗೀತೀಯೋ ಇಲ್ವೋ?" ಎಂದು ಭಾವ ಕೇಳಿದರು.

"ಸುಳ್ಳಾದ್ರೆ ತೆಗೀತೀನಿ ಭಾವ."

"ಸುಳ್ಳಲ್ಲ ಬಿಡು," ಎಂದಳು ಅಕ್ಕ. ಆ ಮಾತಿಗೆ ಎರಡು ದಿನ ಗಂಡ ಹೆಂಡತಿ ಮಾತು ಬಿಟ್ಟರು.

ಅಜ್ಜಿಗೆ ಯಾವ ತಕರಾರೂ ಇರಲಿಲ್ಲ. ಅವಳ ವಾಕ್ಯ ಇಪ್ಪತ್ತೆಂಟನೆಯದು. ನನ್ನ ಅಜ್ಜಿ ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಾಳೆ, ಎಲ್ಲರಿಗಿಂತ ಮೊದಲು ಬಾಗಿಲು ತೆರೆಯುತ್ತಾಳೆ. ಇದೂ ನಿಜವೇ. ನಾವು ಬರುವ ಹೊತ್ತು ಲೆಕ್ಕ ಹಾಕಿ ಕಾಲು ಗಂಟೆ ಮುಂಚೆಯೇ ಕೋಣೆಯಿಂದ ಹೊರಟು, ಗೋಡೆ ಹಿಡಿದು ನಡೆದು ಬಂದು, ಬಾಗಿಲ ಹಿಂದೆ ನಿಂತಿರುವಳು. ಬೆಲ್ ಒತ್ತಲು ಬಿಡದೆ ಒಳಗಿನಿಂದ ಕೋಲಿನಲ್ಲಿ ಟಕ್ ಟಕ್ ಟಕ್ ಎಂದು ಮೂರು ಸಲ ನೆಲ ಕುಟ್ಟುವಳು. "ಪುಸ್ತಕ ಬಂದ ದಿನ ಆ ಸಾಲಿನ ಮೇಲೆ ನನ್ನ ಬೆರಳಿಟ್ಟು ತೋರಿಸು, ಅಷ್ಟು ಸಾಕು," ಎನ್ನುವಳು.

ಈಗ ಕಳ್ಳರ ವಿಚಾರ. ಶಾಲೆಯ ಹಿರಿಯ ಲ್ಯಾಟಿನ್ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು 'ಇನ್ನೂಚೂರು'. ಯಾರು ಏನು ಬರೆದು ತೋರಿಸಿದರೂ ಕೆಂಪು ಶಾಯಿಯಲ್ಲಿ 'ಇನ್ನೂ ಚೂರು ಚೆನ್ನಾಗಿ ಬರಬೇಕು' ಎಂದು ಗೀಚಿ ವಾಪಸು ಕೊಡುತ್ತಿದ್ದರು. ಉಪಾಧ್ಯಾಯರ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೂಲೆಯ ಕುರ್ಚಿ ಅವರದು, ಅಲ್ಲಿ ಬೇರೆಯವರು ಕೂತರೆ ಗಂಟಲು ಸರಿಮಾಡಿಕೊಳ್ಳುತ್ತ ನಿಲ್ಲುವರು. ಬೆಣ್ಣೆಯಂಥ ಮಾತು. ಒಂದು ಮಳೆಯ ಸಂಜೆ "ಛತ್ರಿ ಕೊಡಮ್ಮಾ, ನಾಳೆ ತಂದುಕೊಡ್ತೀನಿ" ಎಂದು ನನ್ನ ಹಸಿರು ಛತ್ರಿ ತೆಗೆದುಕೊಂಡು ಹೋದರು. ನಾನು ನೆನೆದುಕೊಂಡು ಮನೆಗೆ ಹೋದೆ. ಆ ನಾಳೆ ನಾಲ್ಕು ವರ್ಷವಾದರೂ ಬರಲಿಲ್ಲ. ಕೇಳಿದರೆ "ಅಯ್ಯೋ, ಮರೆತೇಹೋಯ್ತು ನೋಡು" ಎನ್ನುವರು.

ಕೆಟ್ಟದ್ದು, ಇನ್ನೂ ಕೆಟ್ಟದ್ದು ಎಂಬ ಭಾಗಕ್ಕೆ ಬಂದಾಗ ಮನೆಯವರು ಯಾರೂ ಒದಗಿಬರಲಿಲ್ಲ. ನಿಜವಾದ ವಾಕ್ಯವೇ ಬೇಕಲ್ಲ, ಹಾಗಾಗಿ ಮೂವತ್ತೇಳನೆಯದಾಗಿ ಇದನ್ನು ಬರೆದೆ. ಮೂಲೆಯ ಕುರ್ಚಿಯವನು ಎಲ್ಲರಿಗಿಂತ ಸಿಹಿಯಾಗಿ ಕೇಳುತ್ತಾನೆ, ಎಲ್ಲರಿಗಿಂತ ಬೇಗ ತೆಗೆದುಕೊಳ್ಳುತ್ತಾನೆ, ಎಲ್ಲರಿಗಿಂತ ನಿಧಾನವಾಗಿ ಹಿಂದಿರುಗಿಸುತ್ತಾನೆ; ನನ್ನ ಛತ್ರಿ ಅವನ ಮಾತಿಗಿಂತ ಗಟ್ಟಿ. ಕೊನೆಗೆ ಅಳಿಸಿಹಾಕಿದರಾಯಿತು ಎಂದುಕೊಂಡಿದ್ದೆ.

ಅಳಿಸುವ ಮೊದಲೇ ಅವರು ನೋಟುಬುಕ್ಕು ಕೇಳಿದರು. "ಮಂಡಳಿಗೆ ಕೊಡೋಕ್ಕೆ ಮುಂಚೆ ನಾನೊಂದ್ಸಲ ಕಣ್ಣಾಡಿಸ್ತೀನಮ್ಮಾ. ನಿಂಗೇ ಒಳ್ಳೇದು." ನಾನು ದಡ್ಡಿ, ಕೊಟ್ಟೆ. ನಕಲು ಇಟ್ಟುಕೊಂಡಿರಲಿಲ್ಲ. ಮೂವತ್ತೇಳನೆಯದು ನೆನಪಾಗಿ ಮಾರನೆಯ ದಿನವೇ ವಾಪಸು ಕೇಳಿದೆ. "ಓದ್ತಾ ಇದೀನಿ. ಇನ್ನೂ ಚೂರು ತಿದ್ದಬೇಕು." ತಿಂಗಳಾದ ಮೇಲೆ ಕೇಳಿದೆ. "ಇನ್ನೂ ಚೂರು." ಎಂಟು ತಿಂಗಳಾದ ಮೇಲೆ, "ಎಲ್ಲೋ ಕೈತಪ್ಪಿ ಹೋಗಿದೆಯಮ್ಮಾ, ಹುಡುಕ್ತೀನಿ."

ಆ ಎಂಟು ತಿಂಗಳಲ್ಲಿ ನನ್ನ ಅಜ್ಜಿ ಹೋದಳು. ಹೋಗುವ ವಾರ ಕೂಡ "ಪುಸ್ತಕ ಬಂತೇನೇ?" ಎಂದು ಕೇಳಿದ್ದಳು.

ಅವಳು ಹೋಗಿ ಎರಡು ತಿಂಗಳಿಗೆ ಪುಸ್ತಕ ಬಂತು. ಉಪಾಧ್ಯಾಯರ ಕೋಣೆಯ ಮೇಜಿನ ಮೇಲೆ ಐವತ್ತು ಪ್ರತಿಗಳ ಕಟ್ಟು, ಪ್ರತಿ ರಕ್ಷಾಪುಟದ ಮೇಲೂ ಇನ್ನೂಚೂರು ಮೇಷ್ಟ್ರ ಹೆಸರು, ದಪ್ಪಕ್ಷರದಲ್ಲಿ. ಅವರು ಆ ವರ್ಷ ಪ್ರಿನ್ಸಿಪಾಲರ ಕುರ್ಚಿಗೆ ಅರ್ಜಿ ಹಾಕಿದ್ದರು, ಪುಸ್ತಕ ಇದ್ದವರಿಗೆ ಮೊದಲ ಮಣೆ. ನಾನು ನಿಂತಲ್ಲೇ ಪುಟ ತಿರುವಿದೆ. ಅಕ್ಕ ಇದ್ದಳು, ಭಾವನ ಗೊರಕೆ ಇತ್ತು, ಅಪ್ಪನ ಸಿಟ್ಟು ಇತ್ತು. ಹನ್ನೊಂದು ವರ್ಷದ ನನ್ನ ಕೆಲಸದ ಕನಸು ಇನ್ನೊಬ್ಬರ ಹೆಸರಿನ ಕೆಳಗೆ ಅಚ್ಚಾಗಿ ಕೂತಿತ್ತು. ಕೊನೆಯ ಪುಟದಲ್ಲಿ 'ಕಾಗದ ಪತ್ರ ಜೋಡಿಸಲು ನೆರವಾದ ತಾತ್ಕಾಲಿಕ ಸಹೋದ್ಯೋಗಿಗೆ ಕೃತಜ್ಞತೆ' ಎಂದಿತ್ತು. ಅದು ನಾನು.

ಆಮೇಲೆ ಮುನ್ನುಡಿ ಓದಿದೆ. 'ಈ ಕೃತಿಗೆ ಪ್ರೇರಣೆ ನನ್ನ ಪೂಜ್ಯ ಅಜ್ಜಿ. ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಿದ್ದ ಆಕೆ ಎಲ್ಲರಿಗಿಂತ ಮೊದಲು ನನಗಾಗಿ ಬಾಗಿಲು ತೆರೆಯುತ್ತಿದ್ದಳು. ಬರೆಯುವಾಗ ಕಣ್ಣು ಮಂಜಾಗುತ್ತಿದೆ.'

ಕಣ್ಣು ಮಂಜಾಯಿತಂತೆ! ನನಗೆ ಕಣ್ಣು ಕೆಂಪಾಯಿತು. ಕೈಯಲ್ಲಿದ್ದ ಪುಸ್ತಕವನ್ನು ಆ ಬೆಣ್ಣೆಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಪುಟ ತಿರುವಿ ಮೂವತ್ತೇಳನೆಯ ವಾಕ್ಯ ನೋಡಿದೆ. ಹಾಗೇ ಇತ್ತು! ಒಂದಕ್ಷರ ಆಚೀಚೆ ಇಲ್ಲ. ಮಹಾಶಯರು ನೋಟುಬುಕ್ಕನ್ನು ಓದದೆ ಸೀದಾ ಬೆರಳಚ್ಚಿಗೆ ಕಳಿಸಿದ್ದರು, ಮುನ್ನುಡಿಗೆ ಬೇಕಾದ ಒಂದು ಪುಟ ಮಾತ್ರ ನೋಡಿಕೊಂಡಿದ್ದರು. ನಾನು ಪುಸ್ತಕವನ್ನು ಮೆತ್ತಗೆ ಕಟ್ಟಿನ ಮೇಲಿಟ್ಟೆ.

"ಅಭಿನಂದನೆಗಳು ಸರ್," ಎಂದೆ.

"ಎಲ್ಲಾ ಅಜ್ಜಿ ಆಶೀರ್ವಾದ ಕಣಮ್ಮಾ," ಎಂದರು.

ಮನೆಯಲ್ಲಿ ಅಪ್ಪ ಕುದಿದುಹೋದ. "ಕಂಪ್ಲೇಂಟು ಕೊಡು!"

"ಏನಂತ ಕೊಡ್ಲಿ? ನೋಟುಬುಕ್ ಅವರ ಹತ್ರ ಇದೆ. ನಾನು ತಾತ್ಕಾಲಿಕ, ಅವರು ಹಿರಿಯರು. ಹೊಟ್ಟೆಕಿಚ್ಚು ಅಂತಾರೆ."

"ಹಂಗಾದ್ರೆ ಸುಮ್ನಿರ್ತೀಯಾ?" ಎಂದಳು ಅಕ್ಕ.

"ನಾನ್ಯಾವತ್ತು ಸುಮ್ನಿದ್ದೆ?" ಎಂದೆ.

ಬಿಡುಗಡೆ ಸಮಾರಂಭದ ಕೆಲಸವೆಲ್ಲ ನನ್ನ ತಲೆಗೇ ಬಂತು. ತಾತ್ಕಾಲಿಕದವರು ಇರುವುದೇ ಕುರ್ಚಿ ಎಣಿಸಲು, ಮೈಕ್ ತಟ್ಟಿ ನೋಡಲು, ಬಂದವರಿಗೆ ಟೀ ಬಿಸ್ಕತ್ತು ಕೊಡಲು. ನಾನು ಎಲ್ಲವನ್ನೂ ನಗುನಗುತ್ತ ಮಾಡಿದೆ. ಕಾರ್ಯಕ್ರಮದ ಪಟ್ಟಿಯನ್ನೂ ನಾನೇ ಬರೆದೆ. ಮೂರನೆಯ ಸಾಲಿನಲ್ಲಿ, 'ಲೇಖಕರಿಂದ ವಾಚನ: ಹೋಲಿಕೆಯ ಪಾಠದ ನಲವತ್ತು ಉದಾಹರಣೆಗಳು, ಅರ್ಥ ಸಹಿತ.'

"ನಲವತ್ತೂ ಓದಬೇಕೇನಮ್ಮಾ?"

"ನಿಮ್ಮ ಕಂಠದಲ್ಲಿ ಕೇಳಬೇಕು ಸರ್. ಮೊದಲೇ ಓದಿಕೊಂಡು ಬರೋದು ಬೇಡ, ನೀವೇ ಬರೆದಿದ್ದಲ್ವಾ."

"ಅದೂ ನಿಜ," ಎಂದು ಅವರು ಕಾಲರ್ ಸರಿಮಾಡಿಕೊಂಡರು.

ಮನೆಯವರಿಗೆ ಮೊದಲ ಸಾಲಿನ ಕುರ್ಚಿ ಹಿಡಿದಿಟ್ಟೆ. ಒಂದೇ ಮಾತು ಹೇಳಿದ್ದೆ. ನಿಮ್ಮ ವಾಕ್ಯ ಬಂದಾಗ ಎದ್ದು ನಿಲ್ಲಿ, ಕೂರಬೇಡಿ, ಕೇಳಿದರೆ ನಂಬರು ಹೇಳಿ. ಅಪ್ಪನ ಪಕ್ಕದ ಒಂದು ಕುರ್ಚಿ ಖಾಲಿ ಬಿಡಿಸಿದೆ. ಅದರ ಮೇಲೆ ಅಜ್ಜಿಯ ಕೋಲು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಉಪಾಧ್ಯಾಯರು, ಪೋಷಕರು, ವೇದಿಕೆಯ ಮೇಲೆ ಮಂಡಳಿಯ ಅಧ್ಯಕ್ಷೆ. ಆಕೆ ಕಣ್ಣಿನ ಡಾಕ್ಟರು, ಎದುರಿಗಿದ್ದವರನ್ನು ಮಾತಿಗೆ ಮುಂಚೆ ಅರ್ಧ ನಿಮಿಷ ನೋಡುವ ಅಭ್ಯಾಸದವರು. ಇನ್ನೂಚೂರು ಮೇಷ್ಟ್ರು ಅಜ್ಜಿಯ ವಿಷಯ ಹೇಳಿ ಕರವಸ್ತ್ರದಿಂದ ಕಣ್ಣೊತ್ತಿಕೊಂಡರು. ಹಿಂದೆ ಯಾರೋ ತಾಯಂದಿರು ಅಯ್ಯೋ ಪಾಪ ಎಂದರು. ನಾನು ಪಕ್ಕದ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತು ಹಲ್ಲು ಕಚ್ಚಿಕೊಂಡಿದ್ದೆ.

ವಾಚನ ಶುರುವಾಯಿತು. ಮೊದಲ ಹತ್ತು ವಾಕ್ಯ ಬೆಟ್ಟ, ನದಿ, ಗಡಿಯಾರಗಳದು, ಸರಾಗವಾಗಿ ಹೋದವು. ಹನ್ನೊಂದನೆಯದು. "ನನ್ನ ಅಕ್ಕ ನಮ್ಮ ಅಡುಗೆಮನೆಯ ಬಾಗಿಲಿಗಿಂತ ಎತ್ತರ."

ಅಕ್ಕ ಎದ್ದು ನಿಂತಳು. ಅವಳು ಎದ್ದರೆ ಕಾಣದಿರುವ ಮಾತೇ ಇಲ್ಲ. ಹಿಂದಿನ ಸಾಲಿನವರು ಕತ್ತು ಓರೆ ಮಾಡಿದರು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ಮುಂದೆ ಓದಿದರು. ಹದಿನಾಲ್ಕಕ್ಕೆ ಭಾವ ಎದ್ದರು. ಹದಿನೇಳಕ್ಕೆ ಎಲ್ಲರಿಗಿಂತ ಬಿರುಸಾಗಿ ಮಾತಾಡುವ ನಮ್ಮ ಚಿಕ್ಕಮ್ಮ ಎದ್ದಳು, ಇಪ್ಪತ್ತೊಂದಕ್ಕೆ ಅಪ್ಪ. ಕೆಲವರು ನಗಲು ಶುರು ಮಾಡಿದರು, ಏಕೆಂದು ಅವರಿಗೂ ತಿಳಿಯದು.

ಅಧ್ಯಕ್ಷೆ ಕೈಯೆತ್ತಿ ವಾಚನ ನಿಲ್ಲಿಸಿದರು. "ಯಾಕಮ್ಮಾ ನಿಂತಿದೀಯ?"

"ನಾನು ಹನ್ನೊಂದನೇ ವಾಕ್ಯ, ಡಾಕ್ಟ್ರೇ," ಎಂದಳು ಅಕ್ಕ.

"ನಾನು ಹದಿನಾಲ್ಕು," ಎಂದರು ಭಾವ. "ಗೊರಕೆ. ಬೇಕಿದ್ರೆ ನನ್ನ ಹೆಂಡ್ತೀನೇ ಕೇಳಿ."

"ನಾನು ಇಪ್ಪತ್ತೊಂದು. ಸಿಟ್ಟು," ಎಂದ ಅಪ್ಪ. ಮುಖ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಭೆ ಗೊಳ್ಳೆಂದಿತು. ಮೇಷ್ಟ್ರು ನಕ್ಕರು, ಆದರೆ ಬೆವರು ಒರೆಸಿಕೊಂಡು ನಕ್ಕರು. "ಏನೋ ಕಾಕತಾಳೀಯ ಮೇಡಂ. ಎತ್ತರದ ಅಕ್ಕಂದಿರು ಎಲ್ಲರ ಮನೇಲೂ ಇರ್ತಾರೆ."

"ಇರ್ತಾರೆ," ಎಂದರು ಅಧ್ಯಕ್ಷೆ. ಅರ್ಧ ನಿಮಿಷ ನೋಡಿದರು. "ಮುಂದೆ ಓದಿ."

ಇಪ್ಪತ್ತೆಂಟು ಬಂತು. "ನನ್ನ ಅಜ್ಜಿ," ಎಂದು ಗದ್ಗದ ಬರಿಸಿಕೊಂಡು ಓದಿದರು, "ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಾಳೆ..."

ಯಾರೂ ಏಳಲಿಲ್ಲ. ಎಲ್ಲರ ಕಣ್ಣೂ ಖಾಲಿ ಕುರ್ಚಿಯ ಮೇಲಿತ್ತು. ಅಪ್ಪ ಬಗ್ಗಿ ಕೋಲು ತೆಗೆದುಕೊಂಡು ಟಕ್ ಟಕ್ ಟಕ್ ಎಂದು ಮೂರು ಸಲ ನೆಲ ಕುಟ್ಟಿದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅತ್ತರೆ ಅವರು ಗೆದ್ದಹಾಗೆ ಎಂದುಕೊಂಡು ಟೀ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಮುಂದೆ ಬಂದೆ.

"ಸರ್, ನಿಲ್ಲಿಸಬೇಡಿ," ಎಂದೆ. "ಮೂವತ್ತೇಳು ಚೆನ್ನಾಗಿದೆ."

ಅವರು ಓದಿದರು. ಸಭೆಯ ಮುಂದೆ ಮೊದಲ ಸಲ ಓದುವವರ ಹಾಗೆ, ಪದ ಪದ ಬಿಡಿಸಿ. "ಮೂಲೆಯ ಕುರ್ಚಿಯವನು ಎಲ್ಲರಿಗಿಂತ ಸಿಹಿಯಾಗಿ ಕೇಳುತ್ತಾನೆ, ಎಲ್ಲರಿಗಿಂತ ಬೇಗ ತೆಗೆದುಕೊಳ್ಳುತ್ತಾನೆ, ಎಲ್ಲರಿಗಿಂತ ನಿಧಾನವಾಗಿ ಹಿಂದಿರುಗಿಸುತ್ತಾನೆ, ನನ್ನ ಛತ್ರಿ..." ಅಲ್ಲಿಗೆ ಸ್ವರ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಇವರು ನನ್ನ ಕಡೆ ನೋಡಿದರು. ಸಭೆಯಲ್ಲಿದ್ದ ಇಪ್ಪತ್ತು ಮೂವತ್ತು ಉಪಾಧ್ಯಾಯರು ಅವರ ಕಡೆ ನೋಡಿದರು. ಆ ಕುರ್ಚಿ ಯಾರದೆಂದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ.

ಗಣಿತದ ಮೇಡಂ ಹಿಂದಿನಿಂದ ಎದ್ದರು. "ಆ ಹಸಿರು ಛತ್ರೀನಾ? ನನಗೆ ಗೊತ್ತು. ನನ್ನ ಎರಡು ಪುಸ್ತಕವೂ ಅವರ ಹತ್ರಾನೇ ಇದೆ."

"ನನ್ನ ಟಾರ್ಚು," ಎಂದರು ವ್ಯಾಯಾಮದ ಮೇಷ್ಟ್ರು.

"ತನ್ನ ಬಗ್ಗೆ ತಾನೇ ಇಂಥ ವಾಕ್ಯ ಬರೆದುಕೊಳ್ಳೋರು ಉಂಟಾ?" ಅಧ್ಯಕ್ಷೆ ಕೇಳಿದರು. ಮೇಷ್ಟ್ರು ತಮ್ಮ ಹೆಸರು ಕಾಣದ ಹಾಗೆ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಿದರೆ ನೀವು ನನ್ನನ್ನು ಒಳ್ಳೆಯವಳಲ್ಲ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ.

ಸೋಮವಾರ ಮೇಷ್ಟ್ರ ಬೀರುವಿನಲ್ಲಿ ನನ್ನ ನೋಟುಬುಕ್ಕು ಸಿಕ್ಕಿತು. ಪ್ರಿನ್ಸಿಪಾಲರ ಕುರ್ಚಿ ಅವರ ಕೈಬಿಟ್ಟಿತು. ನನ್ನನ್ನು ಕಾಯಂ ಮಾಡಿದ ಕಾಗದ ಬಂತು. ಪುಸ್ತಕ ನನ್ನ ಹೆಸರಿನಲ್ಲಿ ಮರುಮುದ್ರಣ, ಮೊದಲ ಪುಟದಲ್ಲಿ ಅವರ ತಪ್ಪೊಪ್ಪಿಗೆ. ಅದರ ಪ್ರತಿಯೊಂದು ಅಕ್ಷರವನ್ನೂ ನಾನು ಒಪ್ಪಬೇಕು ಎಂದು ಅಧ್ಯಕ್ಷೆ ಬರೆಸಿದರು. ಆ ಹೆಂಗಸಿಗೆ ಕಣ್ಣು ಮಾತ್ರವಲ್ಲ, ಒಳಗೂ ಕಾಣುತ್ತಿತ್ತು.

ಮೊದಲ ಕಾಗದದಲ್ಲಿ ಮೇಷ್ಟ್ರು 'ಗಡಿಬಿಡಿಯಲ್ಲಿ ಆದ ಪ್ರಮಾದ' ಎಂದು ಬರೆದಿದ್ದರು. ನಾನು ಕೆಂಪು ಶಾಯಿಯ ಪೆನ್ನು ಕೊಂಡು ತಂದು, ಅಡಿಯಲ್ಲಿ ಬರೆದೆ: 'ಇನ್ನೂ ಚೂರು ಚೆನ್ನಾಗಿ ಬರಬೇಕು.' ಎರಡನೆಯದರಲ್ಲಿ 'ಸಹೋದ್ಯೋಗಿಯ ನೆರವನ್ನು ಸಾಕಷ್ಟು ನೆನೆಯದೆ' ಎಂದಿತ್ತು. ಇನ್ನೂ ಚೂರು. ಮೂರನೆಯದರಲ್ಲಿ 'ಪುಸ್ತಕ ಪೂರ್ತಿ ಅವರದು, ನಾನು ಕದ್ದೆ' ಎಂದೇ ಇತ್ತು. ಅಕ್ಕ, "ಸಾಕು ಬಿಡೇ, ಮುದುಕರು," ಎಂದಳು. ನಾನು ಬಿಡಲಿಲ್ಲ. ಇನ್ನೂ ಚೂರು.

ಅವರು ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ನಿಂತೇ ಇದ್ದರು, ನಾನು ಕೂರಿ ಎನ್ನಲಿಲ್ಲ. "ಇನ್ನೇನು ಬಾಕಿ ಇದೆಯಮ್ಮಾ?"

"ಅಜ್ಜಿ," ಎಂದೆ.

ನಾಲ್ಕನೆಯ ಕಾಗದ ಒಂದು ವಾರ ತಡೆದು ಬಂತು. ಅದರ ಕೊನೆಯಲ್ಲಿ ಎರಡು ಸಾಲು ಹೆಚ್ಚಿಗೆ ಇತ್ತು. 'ಮುನ್ನುಡಿಯ ಅಜ್ಜಿ ನನ್ನ ಅಜ್ಜಿಯಲ್ಲ. ನನ್ನ ಅಜ್ಜಿ ಹೇಗೆ ನಡೆಯುತ್ತಿದ್ದಳು ಎಂದು ನನಗೆ ನೆನಪಿಲ್ಲ.'

ಅದನ್ನು ಎರಡು ಸಲ ಓದಿದೆ. ಒಂದು ಗಳಿಗೆ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ 'ಸರಿ' ಎಂದು ಬರೆದು ಅಚ್ಚಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಹಸಿರು ಛತ್ರಿ ಇತ್ತು, ಜೊತೆಗೆ ಚೀಟಿ: 'ಹಿಂದಿರುಗಿಸಿದ್ದೇನೆ. ದಯವಿಟ್ಟು ಮೂವತ್ತೇಳನ್ನು ತೆಗೆಯಿರಿ.' ಛತ್ರಿ ಬಿಚ್ಚಿ ನೋಡಿದೆ, ಒಂದು ಕಡ್ಡಿ ಮುರಿದಿತ್ತು. ನಾಲ್ಕು ವರ್ಷ ಎರಡು ತಿಂಗಳು. ಅಷ್ಟು ನಿಧಾನವಾಗಿ ಹಿಂದಿರುಗಿಸಿದವರು ನಮ್ಮ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಾಕ್ಯ ನಿಜವಾಗಿಯೇ ಇತ್ತು, ಉಳಿಸಿಕೊಂಡೆ.

ಅಚ್ಚಿನ ಮನೆಯಿಂದ ಕರಡು ತಿದ್ದುವಾಕೆ ಒಂದೇ ಒಂದು ಅನುಮಾನಕ್ಕೆ ಫೋನು ಮಾಡಿದಳು. "ಮೇಡಂ, ಇಪ್ಪತ್ತೆಂಟನೇದು. ನಿಮ್ಮ ಅಜ್ಜಿ ತೀರಿಕೊಂಡಿದ್ದಾರಂತಲ್ಲ. ನಡೆಯುತ್ತಿದ್ದಳು, ತೆರೆಯುತ್ತಿದ್ದಳು ಅಂತ ಮಾಡ್ಲಾ? ನಿಜವಲ್ಲದ ವಾಕ್ಯ ಒಂದೂ ಇಲ್ಲ ಅಂತ ನೀವೇ ಮುನ್ನುಡೀಲಿ ಬರೆದಿದೀರಿ."

ನಾನು ಬಾಗಿಲ ಕಡೆ ನೋಡಿದೆ. ಕೋಲು ಅಲ್ಲೇ ಒರಗಿತ್ತು.

"ಬೇಡಮ್ಮಾ," ಎಂದೆ. "ಅದೊಂದು ಹಾಗೇ ಇರಲಿ."

ಪುಸ್ತಕ ಬಂದ ದಿನ ಆ ಸಾಲಿನ ಮೇಲೆ ನನ್ನ ಬೆರಳನ್ನೇ ಇಟ್ಟೆ.